ಮುಕ್ಕಾಲು ಲೀಟರ್ ನೀರು: ಮದ್ದೂರು ಕಡೆಯ ಒಂದು ಮನೆಯ ಪ್ರಕರಣ

ಈ ಮನೆಯ ವಿಷಯ ಬರೆಯಬೇಕು ಅಂತ ಒಂದು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಅವರನ್ನೇ ಕೇಳಿದೆ. "ಬರ್ಕೊಳವ್ವ, ಹೆಸ್ರೊಂದು ಬ್ಯಾಡ" ಅಂದರು. ಹಾಗಾಗಿ ಇಲ್ಲಿ ಆ ಗಂಡ ಹೆಂಡತಿ ಬರೀ ಅಣ್ಣ, ಅಕ್ಕ. ನಾನು ದಿನಾ ಕರೆಯುವುದೂ ಹಾಗೆಯೇ. ನಾನು ಮಂಡ್ಯದ ಒಂದು ಡಯಾಲಿಸಿಸ್ ಕೇಂದ್ರದಲ್ಲಿ, ಅಂದರೆ ಕಿಡ್ನಿ ಕೆಟ್ಟವರ ರಕ್ತವನ್ನು ಮೆಷಿನ್ನಿನಲ್ಲಿ ಶುದ್ಧ ಮಾಡುವ ಕಡೆ, ಕೆಲಸ ಮಾಡುತ್ತೇನೆ. ಸೂಜಿ ಚುಚ್ಚುವ ಕೆಲಸ ನನ್ನದಲ್ಲ. ರೋಗಿಗಳ ಜೊತೆ, ಮನೆಯವರ ಜೊತೆ ಕೂತು ಮಾತಾಡುವುದು, ಊಟದ ಪಟ್ಟಿ ವಿವರಿಸುವುದು, ಅರ್ಜಿ ತುಂಬಿಕೊಡುವುದು, ಬರಬೇಕಾದವರು ಬರಲಿಲ್ಲ ಅಂದರೆ ಫೋನ್ ಮಾಡುವುದು ನನ್ನ ಕೆಲಸ.

ಅಣ್ಣನಿಗೆ ಈಗ 47. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲೋಡಿಂಗ್ ಮಾಡಿದವರು. ಸುತ್ತಮುತ್ತಲ ತೋಟಗಳಿಂದ ಟೆಂಪೋದಲ್ಲಿ ಬರುವ ಕಾಯಿ ಇಳಿಸಿ, ಎಣಿಸಿ, ಮುಂಬೈ, ದೆಹಲಿ ಕಡೆ ಹೋಗುವ ಲಾರಿಗೆ ತುಂಬುವುದು. ಸಂಜೆ ಬೆನ್ನು ಹಿಡಿದುಕೊಳ್ಳುತ್ತಿತ್ತು. ಮೆಡಿಕಲ್ ಶಾಪಿನಲ್ಲಿ ಒಂದು ನೋವಿನ ಮಾತ್ರೆ ತಗೊಂಡರೆ ಬೆಳಿಗ್ಗೆ ಮತ್ತೆ ಎದ್ದು ಹೋಗಬಹುದು. ಒಂದು ಮಾತ್ರೆ ಎರಡಾಯಿತು, ಹಾಗೇ ಎಂಟು ಹತ್ತು ವರ್ಷ ನಡೆಯಿತು. ಬಿಪಿ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ನೋಡಿರಲೇ ಇಲ್ಲ. ಇವೆರಡೂ ಸೇರಿದರೆ ಕಿಡ್ನಿಗೆ ಏನಾಗುತ್ತದೆ ಅನ್ನುವುದನ್ನು ನಾನು ನಮ್ಮ ಕೇಂದ್ರದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಕಿಡ್ನಿ ನೋಯುವುದಿಲ್ಲ. ಸದ್ದಿಲ್ಲದೆ ಸುರುಟಿಕೊಳ್ಳುತ್ತದೆ.

2022ರ ಬೇಸಿಗೆಯಲ್ಲಿ ಕಾಲು ಊದಿಕೊಂಡಿತು. ಮೂತ್ರದಲ್ಲಿ ನೊರೆ. ಊಟ ಕಂಡರೆ ವಾಕರಿಕೆ. ಪಿತ್ತ ಅಂದುಕೊಂಡು ಮೂರು ವಾರ ಕಳೆದರು. ಒಂದು ರಾತ್ರಿ ಉಸಿರು ಕಟ್ಟಿದಾಗ ಆಸ್ಪತ್ರೆಗೆ ಎತ್ತಿಕೊಂಡು ಬಂದರು. ಕಿಡ್ನಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಕ್ರಿಯಾಟಿನಿನ್ ಸುಮಾರು 1 ಇರಬೇಕು, ಅಣ್ಣನಿಗೆ 11 ಇತ್ತು. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ಚಿಕ್ಕದಾಗಿದ್ದವು. ಕುತ್ತಿಗೆಗೆ ಕೊಳವೆ ಹಾಕಿ ಅವತ್ತೇ ಡಯಾಲಿಸಿಸ್ ಶುರು ಮಾಡಿದರು.

ನಾನು ಅಕ್ಕನನ್ನು ಮೊದಲು ನೋಡಿದ್ದು ಅದರ ಮರುದಿನ. ಚಪ್ಪಲಿ ಇರಲಿಲ್ಲ, ಗಾಬರಿಯಲ್ಲಿ ಹಾಗೇ ಬಂದಿದ್ದರು. "ಎಷ್ಟು ಸಲ ಮಾಡ್ಸುದ್ರೆ ವಾಸಿ ಆಯ್ತದೆ?" ಅಂತ ಕೇಳಿದರು. ಈ ಪ್ರಶ್ನೆಗೆ ಸುಳ್ಳು ಹೇಳಬಾರದು ಅಂತ ನಾನು ಕಲಿತಿದ್ದೇನೆ. ವಾಸಿ ಆಗಲ್ಲ ಅಕ್ಕ, ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಬೇರೆ ಕಿಡ್ನಿ ಹಾಕುವವರೆಗೂ ಇದೇ ಅಂದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಂತರು. ಎಷ್ಟು ಹೊತ್ತೋ. ಆಮೇಲೆ ಸೆರಗು ಬಿಟ್ಟು, "ಸರಿ, ದಿನಾ ನಾನು ಏನ್ ಮಾಡ್ಬೇಕು ಅದ್ನ ಹೇಳಿ" ಅಂದರು.

ಇಡೀ ಪ್ರಕರಣ ನನಗೆ ಆ ಮಾತಿನಿಂದಲೇ ಶುರುವಾಗುತ್ತದೆ. ನಮ್ಮ ಜನ ಕಣ್ಣೀರು ಹಾಕದೆ ಇರುವುದನ್ನ, ದೊಡ್ಡ ಮಾತು ಆಡುವುದನ್ನ ಧೈರ್ಯ ಅಂತಾರೆ. ಅಕ್ಕ ಅತ್ತರು, ಬೇಕಾದಷ್ಟು ಸಲ ಅತ್ತರು. ಆದರೆ ಅವತ್ತಿನಿಂದ ಇವತ್ತಿನವರೆಗೆ ಅಳತೆ ತಪ್ಪಿಲ್ಲ. ನಾನು ಹೇಳುವ ಧೈರ್ಯ ಇದು. ಅದು ಹೇಗೆ ಕಾಣುತ್ತದೆ ಅಂತ ಹತ್ತಿರದಿಂದ ತೋರಿಸಬೇಕು ಅಂತಲೇ ಬರೆಯುತ್ತಿದ್ದೇನೆ.

ಮೊದಲು ನೀರಿನ ವಿಷಯ. ಅಣ್ಣನಿಗೆ ಈಗ ಮೂತ್ರ ಹೆಚ್ಚುಕಮ್ಮಿ ಬರುವುದೇ ಇಲ್ಲ. ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಒಂದು ಲೀಟರ್ ಉಳಿದರೆ ಒಂದು ಕೆಜಿ ತೂಕ. ಜಾಸ್ತಿ ಆದರೆ ಶ್ವಾಸಕೋಶಕ್ಕೆ ನೀರು ತುಂಬಿ ಉಸಿರು ಕಟ್ಟುತ್ತದೆ. ಅದಕ್ಕೇ ಡಾಕ್ಟರು ದಿನಕ್ಕೆ ಮುಕ್ಕಾಲು ಲೀಟರ್ ಅಂದರು. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು, ಎಲ್ಲಾ ಸೇರಿ. ನೆನೆದರೆ ನನಗೆ ಈಗಲೂ ಕಷ್ಟವಾಗುತ್ತದೆ. ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ವಿಶ್ವೇಶ್ವರಯ್ಯ ನಾಲೆ. ಕನ್ನಂಬಾಡಿ ಕಟ್ಟೆಯ ನೀರು ಹರಿಯುವ ಊರಲ್ಲಿ ಹುಟ್ಟಿ, ಎಳನೀರಿನಲ್ಲೇ ಬದುಕು ಮಾಡಿದ ಮನುಷ್ಯನಿಗೆ ದಿನಕ್ಕೆ ಮುಕ್ಕಾಲು ಲೀಟರ್. ಇನ್ನು ಒಂದು ಸಲ ಡಯಾಲಿಸಿಸ್ ಮಾಡಿದರೆ ಮೆಷಿನ್ನಿನೊಳಗೆ ಶುದ್ಧ ಮಾಡಿದ ನೀರು ನಿಮಿಷಕ್ಕೆ ಅರ್ಧ ಲೀಟರ್ ಓಡುತ್ತದೆ, ನಾಲ್ಕು ಗಂಟೆಗೆ 120 ಲೀಟರ್. ಅಣ್ಣ ಅದರ ಸದ್ದು ಕೇಳಿಕೊಂಡು, ಒಣಗಿದ ತುಟಿ ಸವರಿಕೊಂಡು ಮಲಗಿರುತ್ತಾರೆ.

ಅಕ್ಕ ಮಾಡಿದ ಉಪಾಯ ಹೀಗಿದೆ. ಮುಕ್ಕಾಲು ಲೀಟರಿನ ಹಳೇ ಜ್ಯೂಸ್ ಬಾಟಲಿ ಒಂದಿದೆ. ಬೆಳಿಗ್ಗೆ ಅದನ್ನು ಕಂಠಮಟ್ಟ ತುಂಬಿ ಅಡುಗೆಮನೆ ಕಿಟಕಿಯಲ್ಲಿ ಇಡುತ್ತಾರೆ. ಅದು ಕುಡಿಯುವ ನೀರಲ್ಲ, ಲೆಕ್ಕದ ನೀರು. ಅಣ್ಣ ಅರ್ಧ ಲೋಟ ಕಾಫಿ ಕುಡಿದರೆ, ಬಾಟಲಿಯಿಂದ ಅರ್ಧ ಲೋಟ ತೆಗೆದು ಹಿತ್ತಲ ಕನಕಾಂಬರ ಗಿಡಕ್ಕೆ ಹಾಕುತ್ತಾರೆ. ಎರಡು ಸೌಟು ಸಾರು ಹಾಕಿಸಿಕೊಂಡರೆ ಎರಡು ಸೌಟು ನೀರು ಗಿಡಕ್ಕೆ. ಬಾಟಲಿ ಖಾಲಿ ಆಯಿತು ಅಂದರೆ ಅವತ್ತಿನ ಬಾಬ್ತು ಮುಗಿಯಿತು. ಅಣ್ಣ ಕೇಳಬೇಕಿಲ್ಲ, ಅಕ್ಕ ಬೇಡ ಅನ್ನಬೇಕಿಲ್ಲ. ಬಾಟಲಿಯೇ ಹೇಳುತ್ತದೆ. ನಾನು ಈಗ ಈ ಉಪಾಯವನ್ನು ಬರುವ ಎಲ್ಲರಿಗೂ ಹೇಳಿಕೊಡುತ್ತೇನೆ. ಗಂಡ ಹೆಂಡತಿ ನಡುವೆ ಒಂದು ಲೋಟ ನೀರಿಗೆ ಜಗಳ ಆಗಿ ಮನಸ್ಸು ಮುರಿದ ಮನೆಗಳನ್ನು ನೋಡಿದ್ದೇನೆ. ಈ ಮನೆಯಲ್ಲಿ ಹಾಗಾಗಲಿಲ್ಲ.

ಅಡುಗೆ ಇನ್ನೂ ಕಷ್ಟ. ಸೊಪ್ಪು, ಕಾಳು, ಬಾಳೆಹಣ್ಣು, ಎಳನೀರು, ಎಲ್ಲದರಲ್ಲೂ ಪೊಟ್ಯಾಸಿಯಂ ಜಾಸ್ತಿ. ಕೆಟ್ಟ ಕಿಡ್ನಿ ಅದನ್ನು ಹೊರಹಾಕಲ್ಲ. ರಕ್ತದಲ್ಲಿ ಏರಿದರೆ ಹೃದಯ ನಿಂತೇ ಹೋಗಬಹುದು. ತರಕಾರಿ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿಬಿಡಿ ಅಂತ ನಾನು ಹೇಳಿದೆ. ಅಕ್ಕ ನನ್ನ ಮುಖವನ್ನೇ ನೋಡಿದರು. "ಬಸ್ದಿದ್ ನೀರ್ನ ಚೆಲ್ಲದಾ?" ಮಂಡ್ಯದ ಮನೆಯಲ್ಲಿ ಬಸ್ಸಾರು ಅಂದರೆ ಆ ಬಸಿದ ಕಟ್ಟೇ ಅಲ್ವಾ. ಸೊಪ್ಪು ಕಾಳು ಬೇಯಿಸಿ, ಬಸಿದು, ಆ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೇ ಮುದ್ದೆಗೆ ಸಾರು. ಅವರ ಅವ್ವ, ಅಜ್ಜಿ ಯಾರೂ ಅದನ್ನು ಚೆಲ್ಲಿದವರಲ್ಲ. ಮೊದಲನೇ ಸಲ ಬಚ್ಚಲಿಗೆ ಸುರಿಯುವಾಗ ಕೈ ಬರಲಿಲ್ಲ ಅಂತ ಆಮೇಲೆ ಹೇಳಿದರು. ಈಗ ಮನೆಯವರಿಗೆಲ್ಲ ಒಂದು ಪಾತ್ರೆ, ಅಣ್ಣನಿಗೆ ಒಂದು ಚಿಕ್ಕ ಪಾತ್ರೆ. ದೊಡ್ಡ ಪಾತ್ರೆಯ ಬಸ್ಸಾರಿನ ಒಗ್ಗರಣೆ ವಾಸನೆ ಮನೆ ತುಂಬಾ ಇರುತ್ತದೆ. ಅಣ್ಣ ಎದ್ದು ಹೊರಗೆ ಹೋಗಲ್ಲ. ಮಕ್ಕಳ ಪಕ್ಕದಲ್ಲೇ ಕೂತು ತನ್ನ ಸಪ್ಪೆ ಪಲ್ಯ, ಅನ್ನ ಉಣ್ಣುತ್ತಾರೆ. "ನಾನ್ ಎದ್ದೋದ್ರೆ ಮಕ್ಳು ಉಣ್ಣಕಿಲ್ಲ ಕಣವ್ವ" ಅಂದರು.

ಒಂದು ಎಡವಟ್ಟೂ ಆಯಿತು, ಅದನ್ನು ಬಿಡಬಾರದು, ಬೇರೆಯವರಿಗೆ ಉಪಯೋಗಕ್ಕೆ ಬರುತ್ತದೆ. ಉಪ್ಪು ಕಮ್ಮಿ ಮಾಡಿ ಅಂದಿದ್ದೆವು. ಅಕ್ಕ ಅಂಗಡಿಯಲ್ಲಿ ಕೇಳಿ, ಬಿಪಿಯವರಿಗೆ ಒಳ್ಳೇದು ಅಂತ ಮಾರುವ ಸೋಡಿಯಂ ಕಮ್ಮಿ ಇರುವ ಉಪ್ಪು ತಂದರು. ದುಬಾರಿ ಬೇರೆ. ಅದರಲ್ಲಿ ಸೋಡಿಯಂ ಬದಲಿಗೆ ಹಾಕಿರುವುದು ಪೊಟ್ಯಾಸಿಯಂ. ಹತ್ತು ದಿನಕ್ಕೆ ಅಣ್ಣನ ಕಾಲು ಬಲ ಕಳೆದುಕೊಂಡವು, ಇಸಿಜಿಯಲ್ಲಿ ವ್ಯತ್ಯಾಸ ಬಂತು, ಓಡಿಬಂದು ತುರ್ತಾಗಿ ಡಯಾಲಿಸಿಸ್ ಮಾಡಿಸಿದ್ದಾಯಿತು. ಅದನ್ನು ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ಅಕ್ಕ ಮಾತ್ರ ತನ್ನನ್ನೇ ಬೈದುಕೊಳ್ಳುತ್ತಿದ್ದರು. ಅಣ್ಣ ಹಾಸಿಗೆ ಮೇಲಿಂದಲೇ, "ಉಪ್ಪು ತಂದೋಳು ನನ್ ಉಳ್ಸಕ್ಕೆ ತಂದ್ಲು, ಕೊಲ್ಲಕ್ಕಲ್ಲ, ಸುಮ್ನಿರು" ಅಂದರು. ಹೇಳಿಬಿಟ್ಟು ಆ ಕಡೆ ತಿರುಗಿ ಮಲಗಿದರು. ಅಷ್ಟೇ, ಆಮೇಲೆ ಆ ಮಾತು ಆ ಮನೆಯಲ್ಲಿ ಬಂದಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಡಯಾಲಿಸಿಸ್‌ಗೆ ದುಡ್ಡಿಲ್ಲ. ಆದರೆ ಬಸ್ಸು, ಮಾತ್ರೆ, ರಕ್ತ ಹೆಚ್ಚಿಸುವ ಇಂಜೆಕ್ಷನ್, ಕೂಲಿ ತಪ್ಪಿದ ದಿನಗಳು ಎಲ್ಲಾ ಮನೆ ಮೇಲೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಕ್ಕನ ಟಿಕೆಟ್ ಉಳಿಯಿತು. ಗೃಹಲಕ್ಷ್ಮಿಯ 2,000 ರೂಪಾಯಿ ನೇರವಾಗಿ ಮಾತ್ರೆಗೆ ಹೋಗುತ್ತದೆ. ಸಂಘದ ಸಾಲದ ಕಂತು ಕೇಳಲು ಬಂದವರಿಗೆ ಅಕ್ಕ ಅಣ್ಣನ ಫೈಲು ತೋರಿಸಿ, ಬಾಗಿಲಲ್ಲೇ ಕೂರಿಸಿ ಕಾಫಿ ಕೊಟ್ಟು, "ಕಟ್ತೀನಿ, ಆದ್ರೆ ಈ ತಿಂಗ್ಳು ಅರ್ಧ" ಅಂದರಂತೆ. ಮಗಳು ಪಿಯುಸಿ ಬಿಡುತ್ತೇನೆ ಅಂದಾಗ ಮಾತ್ರ ಕೋಪ ಮಾಡಿಕೊಂಡರು. ಮಗಳು ಓದು ಬಿಟ್ಟಿಲ್ಲ.

2023ರ ಸೆಪ್ಟೆಂಬರ್ ನಿಮಗೆಲ್ಲ ನೆನಪಿರಬೇಕು. ಮಳೆ ಕಮ್ಮಿ, ತಮಿಳುನಾಡಿಗೆ ನೀರು ಬಿಡಬೇಕು ಅನ್ನುವ ಆದೇಶ, ಮಂಡ್ಯ ಹೊತ್ತಿ ಉರಿಯುತ್ತಿತ್ತು. 29ನೇ ತಾರೀಕು ಶುಕ್ರವಾರ ಕರ್ನಾಟಕ ಬಂದ್. ಅಣ್ಣನ ಡಯಾಲಿಸಿಸ್ ಸೋಮವಾರ, ಬುಧವಾರ, ಶುಕ್ರವಾರ. ಶುಕ್ರವಾರ ತಪ್ಪಿದರೆ ಬುಧವಾರದಿಂದ ಸೋಮವಾರಕ್ಕೆ ಐದು ದಿನ. ಅಣ್ಣನ ತಮ್ಮ ಬೆಳಗಿನ ಜಾವವೇ ಬೈಕಿನಲ್ಲಿ ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಟೈರಿಗೆ ಬೆಂಕಿ ಹಾಕಿ ರಸ್ತೆ ತಡೆದಿದ್ದರು. ಹಸಿರು ಶಾಲಿನ ಹಿರಿಯರೊಬ್ಬರು ಬೈಕ್ ನಿಲ್ಲಿಸಿ, ಯಾಕಯ್ಯಾ ಅಂದರು. ಅಣ್ಣ ತೋಳು ಮೇಲೆತ್ತಿ ಫಿಸ್ಟುಲಾ ತೋರಿಸಿದರು. ಡಯಾಲಿಸಿಸ್ ಸೂಜಿ ಚುಚ್ಚಲು ಮುಂಗೈಯಲ್ಲಿ ಶುದ್ಧ ರಕ್ತದ ನಾಳವನ್ನೂ ಅಶುದ್ಧ ರಕ್ತದ ನಾಳವನ್ನೂ ಜೋಡಿಸಿ ಹೊಲಿದಿರುತ್ತಾರೆ, ಅದು ಹಗ್ಗದ ಹಾಗೆ ಉಬ್ಬಿರುತ್ತದೆ. ಮುಟ್ಟಿದರೆ ಒಳಗೆ ಜೇನುಹುಳ ಹಾರಾಡಿದ ಹಾಗೆ ಗುಂಯ್ ಅನ್ನುತ್ತದೆ. ಆ ಹಿರಿಯರು ಮುಟ್ಟಿ ನೋಡಿ, ಹುಡುಗರನ್ನು ಕೂಗಿ, ದಾರಿ ಬಿಡಿಸಿಕೊಟ್ಟರಂತೆ. "ನೀರಿಗೆ ಕೂತವ್ರೆ ಪಾಪ, ಬಿಸ್ಲಲ್ಲಿ" ಅಂತ ಅಣ್ಣ ಅವತ್ತು ಮೆಷಿನ್ ಮೇಲೆ ಮಲಗಿಕೊಂಡು ಆ ರೈತರ ಬಗ್ಗೆಯೇ ಮಾತಾಡುತ್ತಿದ್ದರು. ಎರಡು ದಿನದಿಂದ ಅರ್ಧ ಹೊಟ್ಟೆ ನೀರು ಕುಡಿದ ಮನುಷ್ಯ.

ಇನ್ನು ದೇವರ ವಿಷಯ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಎಚ್ಚರ ಬೇಕು, ಯಾಕೆಂದರೆ ಭಕ್ತಿಯ ಹೆಸರಲ್ಲಿ ಡಯಾಲಿಸಿಸ್ ಬಿಟ್ಟು ತೀರಿಕೊಂಡವರನ್ನೂ ನೋಡಿದ್ದೇನೆ. ಅಣ್ಣ ಮಾದಪ್ಪನ ಒಕ್ಕಲು. ಹುಡುಗನಾಗಿದ್ದಾಗಿನಿಂದ ಶಿವರಾತ್ರಿಗೆ ಊರವರ ಜೊತೆ ಕಾವೇರಿ ದಾಟಿ ಕಾಡಿನ ದಾರಿಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುತ್ತಿದ್ದವರು. ಕಾಯಿಲೆ ಬಂದ ಮೊದಲ ವರ್ಷ ಒಬ್ಬರು ಮನೆಗೆ ಬಂದು, 48 ದಿನ ಡಯಾಲಿಸಿಸ್ ಬಿಟ್ಟು ನಮ್ಮ ಬೇರಿನ ಕಷಾಯ ಕುಡಿಸಿ, ಮಾದಪ್ಪನ ಮೇಲೆ ಭಾರ ಹಾಕಿ, ಕಿಡ್ನಿ ಚಿಗುರುತ್ತದೆ ಅಂದರು. 48 ದಿನ ಬಿಡಿ, ಮೂತ್ರವೇ ಬರದವರು ಎರಡು ವಾರ ಬಿಟ್ಟರೂ ಉಳಿಯುವುದು ಕಷ್ಟ. ಅಣ್ಣನ ಅವ್ವನಿಗೆ ಆಸೆ ಆಯಿತು. ದೇವಸ್ಥಾನದಲ್ಲಿ ಹೂ ಕೇಳೋಣ ಅಂದರು. ನಮ್ಮ ಕಡೆ ಇದೆಯಲ್ಲ, ದೇವರ ಮೇಲಿನ ಹೂವು ಬಲಕ್ಕೆ ಬಿದ್ದರೆ ಆಗಲಿ ಅಂತ, ಎಡಕ್ಕೆ ಬಿದ್ದರೆ ಬೇಡ ಅಂತ.

ಅಕ್ಕ ಅತ್ತೆಯ ಜೊತೆ ಹೋದರು. ಕೈ ಮುಗಿದು ಕೂತರು. ಏನು ಕೇಳಿದಿರಿ ಅಂತ ನಾನು ಆಮೇಲೆ ಕೇಳಿದ್ದಕ್ಕೆ ಅವರು ಹೇಳಿದ್ದು ಇದು: "ಡಯಾಲಿಸಿಸ್ ಬುಡ್ಲಾ ಅಂತ ನಾನ್ ಕೇಳ್ನೇ ಇಲ್ಲ ಕಣವ್ವ. ಅದು ಕೇಳೋ ಮಾತಲ್ಲ. ನಂಗೆ ಬಲ ಕೊಟ್ಟಿಯಾ ಅಂತ ಕೇಳ್ದೆ." ಹೂವು ಬಲಕ್ಕೆ ಬಿತ್ತು. ಅತ್ತೆ ಕಷಾಯಕ್ಕೆ ಅಪ್ಪಣೆ ಆಯಿತು ಅಂದುಕೊಂಡರು. ಅಕ್ಕ ಅಲ್ಲೇ, ದೇವರ ಮುಂದೆಯೇ, ತಾನು ಕೇಳಿದ್ದೇನು ಅಂತ ಅತ್ತೆಗೆ ಹೇಳಿದರು. ಅತ್ತೆ ಅತ್ತರು. ಕಷಾಯದ ಮಾತು ಅಲ್ಲಿಗೆ ನಿಂತಿತು. ನಾನು ಎಷ್ಟೋ ಮನೆಗಳಲ್ಲಿ ಗಂಟೆಗಟ್ಟಲೆ ವಾದ ಮಾಡಿ ಸೋತಿದ್ದೇನೆ. ಅಕ್ಕ ದೇವರನ್ನೂ ಬಿಡಲಿಲ್ಲ, ಮೆಷಿನ್ನನ್ನೂ ಬಿಡಲಿಲ್ಲ, ವಯಸ್ಸಾದ ಅತ್ತೆಯ ಮುಖವನ್ನೂ ಉಳಿಸಿದರು. ಈಗಲೂ ಬಾಟಲಿಯ ನೀರನ್ನು ಗಿಡಕ್ಕೆ ಹಾಕುವಾಗ ಮಾದಪ್ಪಾ ಅಂತಲೇ ಹಾಕುತ್ತಾರೆ.

ಈ ಪ್ರಕರಣದಲ್ಲಿ ನನಗೆ ಅತಿ ಕಷ್ಟವಾದ ಭಾಗ ಕಿಡ್ನಿ ಕಸಿಯದು. ಅಂಗಾಂಗ ಕಸಿಗೆ 1994ರ ಕಾನೂನು ಇದೆ. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು ಅಂತ ಲೆಕ್ಕ. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಅಕ್ಕ ಮೊದಲು ಮುಂದೆ ಬಂದರು. ಅಣ್ಣನದು ಓ ಗುಂಪು, ಅಕ್ಕನದು ಬಿ. ಓ ಗುಂಪಿನವರು ಯಾರಿಗೆ ಬೇಕಾದರೂ ಕೊಡಬಹುದು, ತಗೊಳ್ಳಬೇಕಾದರೆ ಓ ಗುಂಪಿನಿಂದಲೇ ಆಗಬೇಕು. ಅವ್ವನಿಗೆ ಸಕ್ಕರೆ ಕಾಯಿಲೆ. ಉಳಿದವನು ತಮ್ಮ. ಓ ಗುಂಪು, ಗಟ್ಟಿ ಆಳು, ಬಾಯಿಬಿಟ್ಟು ಕೊಡುತ್ತೇನೆ ಅಂದವನು. ಮೈಸೂರಿನಲ್ಲಿ ಪರೀಕ್ಷೆಗಳು ನಡೆದವು. ಕೊನೆಗೆ ದಾನಿಯನ್ನು ಒಬ್ಬನನ್ನೇ ಕೂರಿಸಿ ಮಾತಾಡಿಸುತ್ತಾರೆ. ಯಾರ ಒತ್ತಾಯವೂ ಇಲ್ಲ ತಾನೇ ಅಂತ ತಿಳಿಯಲು. ಅದಾದ ಮೇಲೆ, "ಹೊಂದುವುದಿಲ್ಲ" ಅಂತ ಹೇಳಿ ಕಳಿಸಿದರು.

ನನಗೆ ಅನುಮಾನ ಬಂತು. ದಾನಿಗೆ ಮನಸ್ಸಿಲ್ಲದಿದ್ದರೆ ಮನೆಯವರ ಮುಂದೆ ಅವನನ್ನು ಕಾಪಾಡಲು ವೈದ್ಯರು ಹಾಗೆ ಹೇಳುವುದುಂಟು, ಅದು ಸರಿಯಾದ ಕ್ರಮವೂ ಹೌದು. ಗೊತ್ತಿದ್ದೂ ನಾನು ತಡೆದುಕೊಳ್ಳಲಿಲ್ಲ. ಇನ್ನೊಂದು ಸಲ ತಮ್ಮನ ಹತ್ತಿರ ಮಾತಾಡಿ ನೋಡಬಹುದಾ ಅಂತ ಅಣ್ಣನನ್ನು ಕೇಳಿದೆ. ಅಣ್ಣ ನನ್ನನ್ನು ನೋಡಿ, ಮೆತ್ತಗೆ, "ಅವ್ನಿಗೂ ಎರಡು ಮಕ್ಳವೆ ಕಣವ್ವ" ಅಂದರು. ನನಗೆ ನಾಚಿಕೆ ಆಯಿತು. ಆ ಮಾತು ಕೇಳಿದ ಮೇಲೆ ನಾನು ಯಾವ ದಾನಿಯ ಬಗ್ಗೆಯೂ ಮನೆಯವರ ಹತ್ತಿರ ಎರಡನೇ ಸಲ ಕೇಳಿಲ್ಲ.

ಅಣ್ಣ ಏನೂ ಗೊತ್ತಿಲ್ಲದವರ ಹಾಗೆ ತಮ್ಮನ ಬೈಕಿನಲ್ಲೇ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದರು. ಮಾರುಕಟ್ಟೆಯಲ್ಲಿ ತನಗೆ ಗೊತ್ತಿದ್ದ ಮಂಡಿಯವರಿಗೆ ಹೇಳಿ ತಮ್ಮನಿಗೆ ಕೆಲಸ ಕೊಡಿಸಿದರು. ಎರಡು ತಿಂಗಳು ಹೀಗೇ ಕಳೆಯಿತು. ಒಂದು ಸಂಜೆ ತಮ್ಮ ನಾಲೆ ಏರಿಯ ಮೇಲೆ ಬೈಕ್ ನಿಲ್ಲಿಸಿ, "ಅಣ್ಣಯ್ಯ, ಹೊಂದ್ತಿತ್ತು, ನಾನೇ ಹೆದ್ರುಕೊಂಡೆ" ಅಂತ ಅತ್ತನಂತೆ. ಅಣ್ಣ, "ನಂಗವತ್ತೇ ಗೊತ್ತಾಯ್ತು ಕಣ್ಲಾ, ನಡಿ, ಕತ್ಲಾಯ್ತದೆ" ಅಂದರಂತೆ. ಇದನ್ನು ನನಗೆ ಹೇಳಿದ್ದು ತಮ್ಮನೇ, ಡಯಾಲಿಸಿಸ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು. ಆಮೇಲಿನ ಶಿವರಾತ್ರಿಗೆ ಬೆಟ್ಟಕ್ಕೆ ಅವನು ನಡೆದ. ಅದಕ್ಕೆ ಮುಂಚೆ ಒಂದು ಸಲವೂ ಹೋದವನಲ್ಲ. ಕೊಡದೆ ಇದ್ದದ್ದಕ್ಕೆ ಅವನನ್ನು ಯಾರೂ ಕೆಟ್ಟವನು ಅನ್ನಬಾರದು ಅಂತ ನಾನು ಇಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಬೇಡ ಅನ್ನುವ ಹಕ್ಕು ದಾನಿಗೆ ಕೊನೇ ಗಳಿಗೆಯವರೆಗೂ ಇರಬೇಕು. ಹೋಗಿ ನಿಜ ಹೇಳುವುದಕ್ಕೆ ಅವನಿಗೂ ಧೈರ್ಯ ಬೇಕಾಗಿತ್ತು.

ಈಗ ಅಣ್ಣನ ಹೆಸರು ರಾಜ್ಯದ ಜೀವಸಾರ್ಥಕತೆ ಪಟ್ಟಿಯಲ್ಲಿ, ಅಂದರೆ ಅಂಗಕ್ಕಾಗಿ ಕಾಯುವವರ ಪಟ್ಟಿಯಲ್ಲಿದೆ. ಮೆದುಳು ಸತ್ತವರ ಮನೆಯವರು ಒಪ್ಪಿ ಕೊಟ್ಟ ಅಂಗ ಸಿಗಬೇಕು, ಸರದಿ ಬರಬೇಕು. ಓ ಗುಂಪಿನವರು ಸಾಮಾನ್ಯವಾಗಿ ಜಾಸ್ತಿ ಕಾಯುತ್ತಾರೆ. ಫೋನ್ ಯಾವಾಗ ಬೇಕಾದರೂ ಬರಬಹುದು ಅಂತ ಅಕ್ಕ ರಾತ್ರಿ ಹೊತ್ತೂ ಫೋನನ್ನು ಚಾರ್ಜಿಗೆ ಹಾಕಿ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾರೆ.

ಹೋದ ತಿಂಗಳು ಒಂದು ಅರ್ಜಿಗೆ ಸಹಿ ಹಾಕಿಸಲು ಮದ್ದೂರಿಗೆ ಹೋಗಿದ್ದೆ. ಅಣ್ಣ ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಮಾರುಕಟ್ಟೆಯಲ್ಲಿ ಕುರ್ಚಿ ಹಾಕಿಕೊಂಡು ಕಾಯಿ ಲೆಕ್ಕ ಬರೆಯುತ್ತಾರೆ. ಫಿಸ್ಟುಲಾ ಇರುವ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ. ಬಿಸಿಲು ಜೋರಾಗಿತ್ತು. ನನ್ನ ಮುಖ ನೋಡಿ, ಪಕ್ಕದ ರಾಶಿಯಲ್ಲಿ ಒಂದೊಂದೇ ಕಾಯಿಯನ್ನು ಕತ್ತಿಯ ಹಿಡಿಯಿಂದ ತಟ್ಟಿ, ಕಿವಿಗೊಟ್ಟು, ನಾಲ್ಕನೆಯದನ್ನು ತೆಗೆದು ಹುಡುಗನ ಕೈಗೆ ಕೊಟ್ಟು ಕೆತ್ತಿಸಿದರು. ಇವರ ಮುಂದೆ ಹೇಗೆ ಕುಡಿಯಲಿ ಅಂತ ನಾನು ಹಿಡಿದುಕೊಂಡು ನಿಂತೆ.

"ಕುಡೀರವ್ವ. ನೀರು ಸಿಹಿ ಅದೆ" ಅಂದರು.

ಕುಡಿದೆ. ಸಿಹಿ ಇತ್ತು. ಮುಗಿಯುವವರೆಗೂ ನೋಡುತ್ತಿದ್ದು, ಕೈ ಚಾಚಿ ಬುರುಡೆ ಇಸಕೊಂಡು, "ಗಂಜಿ ತೆಗ್ಸಿಕೊಡ್ಲಾ?" ಅಂದರು.